ಬಾವಿಯ ತಳದಿಂದ ಆಡಿದ ಮಾತು

ಹಾಲಿನ ಕೇಂದ್ರದ ಹಿಂದಿನ ಬಾವಿಯನ್ನು ಇನ್ನಷ್ಟು ತೋಡಲು ಬಂದವರು ಮೂರೇ ಜನ. ಮೇಸ್ತ್ರಿ ಹೆಂಗಸು. ತಂಡ ಅವಳ ಅಪ್ಪ ಕಟ್ಟಿದ್ದು. ಅಪ್ಪ ತೀರಿಕೊಂಡ ಮೇಲೆ ಯಾರೂ ಕೂತು ತೀರ್ಮಾನ ಮಾಡದೆಯೇ ಅವಳ ಕೈಗೆ ಬಂದುಬಿಟ್ಟಿತ್ತು. ಕ್ರೇನು ನಡೆಸುವವನು ಅವಳ ಸೋದರಮಾವ. ಕೆಳಗಿಳಿದು ಬಂಡೆ ಒಡೆಯುವವನಿಗೆ ಮೋಟ ಅಂತ ಹೆಸರು ಬಿದ್ದಿತ್ತು. ನಿಂತರೆ ಮೇಸ್ತ್ರಿಯ ಹೆಗಲಿಗೆ ಬರುತ್ತಿದ್ದ, ಬಾಯಿ ಬಿಟ್ಟರೆ ಎಲ್ಲರ ತಲೆಯ ಮೇಲೆ ಕೂರುತ್ತಿದ್ದ.

ಬಾವಿ ಮೊದಲೇ ಆಳದ್ದು. ಮೇಲಿನರ್ಧಕ್ಕೆ ಕಲ್ಲು ಕಟ್ಟಿ, ಕಾಲಿಡಲು ಅಲ್ಲಲ್ಲಿ ಕಲ್ಲು ಚಾಚಿದ್ದರು. ಕೆಳಗಿನರ್ಧ ಬರೀ ಬಂಡೆ. ಅಲ್ಲಿ ಹತ್ತಲೂ ಏನಿಲ್ಲ, ಹಿಡಿಯಲೂ ಏನಿಲ್ಲ. ಬಾಯಿಯ ಮೇಲೆ ಮೂರು ಕಾಲಿನ ಕಬ್ಬಿಣದ ಕ್ರೇನು. ತುದಿಯಲ್ಲಿ ರಾಟೆ, ರಾಟೆಯ ಮೇಲೆ ತಂತಿಹಗ್ಗ. ಹಗ್ಗದ ಒಂದು ತುದಿಗೆ ಕಬ್ಬಿಣದ ತೊಟ್ಟಿ, ಇನ್ನೊಂದು ತುದಿ ಡೀಸೆಲ್ ಎಂಜಿನ್ನಿನ ಪಕ್ಕದ ಉರುಳೆಗೆ ಸುತ್ತಿಕೊಂಡಿತ್ತು. ಕೈಯಲ್ಲಿ ಕ್ಲಚ್ಚಿನ ಹಿಡಿ ಎಳೆದರೆ ತೊಟ್ಟಿ ಮೇಲೆ ಬರುತ್ತದೆ. ನಿಲ್ಲಿಸುವುದು, ಮೆಲ್ಲಗೆ ಇಳಿಸುವುದು ಕಾಲಿನ ಕೆಲಸ. ಬ್ರೇಕಿನ ಮೇಲೆ ಕ್ರೇನಿನವನ ಬಲಗಾಲು ಗಟ್ಟಿಯಾಗಿರುವಷ್ಟು ಹೊತ್ತು ತೊಟ್ಟಿಯಲ್ಲಿರುವವನ ಜೀವ ಗಟ್ಟಿ.

ಅದಕ್ಕೇ ಅಪ್ಪನ ಕಾಲದ ಒಂದು ಕಟ್ಟು ಆ ತಂಡದಲ್ಲಿ ಇನ್ನೂ ನಡೆಯುತ್ತಿತ್ತು. ಬಾವಿಯೊಳಗೆ ಒಬ್ಬರಿದ್ದರೂ ಕ್ರೇನಿನವನನ್ನು ಯಾರೂ ಮಾತಾಡಿಸುವಂತಿಲ್ಲ. ಎತ್ತು, ಇಳಿಸು, ನಿಲ್ಲಿಸು. ಅದನ್ನೂ ಕೆಳಗಿನಿಂದ ದಾರ ಜಗ್ಗಿ, ಮೇಲೆ ಕಟ್ಟಿದ ಗಂಟೆ ಬಾರಿಸಿ ಹೇಳಬೇಕು. ಬೈಸಿಕೊಂಡವನ ಮನಸ್ಸು ಎಲ್ಲಿಗೋ ಹೋಗುತ್ತದೆ, ಅದರ ಹಿಂದೆ ಕಾಲೂ ಹೋಗುತ್ತದೆ ಅಂತ ಅಪ್ಪನ ಹೆದರಿಕೆ. ಏನಾದರೂ ಹೇಳುವುದಿದ್ದರೆ ಸಂಜೆ. ಎಲ್ಲರೂ ಮೇಲೆ ಬಂದು ಕೈಕಾಲು ತೊಳೆದ ಮೇಲೆ ತೊಟ್ಟಿಯನ್ನು ನೆಲದ ಮೇಲೆ ಬೋರಲು ಹಾಕುತ್ತಿದ್ದರು. ಯಾರಿಗೆ ಕಷ್ಟದ ಮಾತು ಆಡುವುದಿದೆಯೋ ಅವರು ಅದರ ಮೇಲೆ ಕೂತು ಆಡಬೇಕು. ಉಳಿದವರು ನೆಲದಲ್ಲಿ ಕೂತು ಕೇಳಬೇಕು.

ಮೇಸ್ತ್ರಿಗೆ ಹಾಗೆ ಕೂತು ಮಾತಾಡುವುದು ಚೆನ್ನಾಗಿ ಒಗ್ಗಿತ್ತು. ಮಾತಿನ ಮೊನೆಯನ್ನೆಲ್ಲ ಉಜ್ಜಿ, ಮೆತ್ತಗೆ ಮಾಡಿ, ಎದುರಿಗಿದ್ದವನ ಮಡಿಲಲ್ಲಿ ಇಡುತ್ತಿದ್ದಳು. ಮೋಟ ಒಮ್ಮೆ ಹಿಂದಿನ ದಿನದ ಕುಡಿತ ಇಳಿಯದೆ ಕೆಲಸಕ್ಕೆ ಬಂದಿದ್ದಾಗ ಅವಳು ಕುಡಿತದ ಸುದ್ದಿಯನ್ನೇ ಎತ್ತಲಿಲ್ಲ. ಅವನ ಮಗಳ ಓದಿನ ವಿಚಾರ ಕೇಳಿದಳು. ಮೋಟ ಬಿಕ್ಕಿ ಬಿಕ್ಕಿ ಅತ್ತು, ಬಾಟಲಿ ಬಿಟ್ಟ. "ನಮ್ಮಕ್ಕ ಬೈದಿದ್ದು ಗೊತ್ತಾಗೋದೇ ಮನೆಗೆ ಹೋಗಿ ಮಲಗಿದ ಮೇಲೆ" ಅಂತ ಬೇರೆ ತಂಡದವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಅದು ಅವಳ ಕಿವಿಗೂ ಬಿದ್ದಿತ್ತು. ಕೇಳಲು ಹಿತವಾಗಿತ್ತು.

ಒಂದು ಬೆಳಿಗ್ಗೆ ಮೋಟನನ್ನು ಇಳಿಸತೊಡಗಿ, ಅವನ ತಲೆ ಇನ್ನೂ ಅಂಚಿನ ಮೇಲಿದ್ದಾಗಲೇ ತೊಟ್ಟಿ ಕೈಬಿಟ್ಟಂತೆ ಜಾರಿತು. ಒಂದಾಳುದ್ದ ಜಾರಿ, ಜಗ್ಗಿ ನಿಂತಿತು. ತಂತಿಹಗ್ಗ ಝುಂಯ್ ಅಂದದ್ದಕ್ಕೆ ಆಚೆ ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತಿದ್ದ ಹಸುಗಳು ತಲೆ ಎತ್ತಿದವು.

"ಮಾವಾ, ಹೇಳಿ ಬಿಡ್ಬಾರ್ದಾ! ಇನ್ನೊಂದು ಚಡ್ಡಿ ತರ್ತಿದ್ದೆ!" ಒಳಗಿನಿಂದ ಮೋಟ ಕೂಗಿದ. ಧ್ವನಿಯಲ್ಲಿ ನಗುವೂ ಇತ್ತು, ನಡುಕವೂ ಇತ್ತು.

ಮೇಸ್ತ್ರಿ ಆಗ ಮಾವನ ಪಕ್ಕದಲ್ಲೇ ಇದ್ದಳು. ತೊಟ್ಟಿ ಜಾರುವ ಹೊತ್ತಿಗೆ ಅವಳು ನೋಡಿದ್ದು ತೊಟ್ಟಿಯನ್ನಲ್ಲ, ಅವನ ಮುಖವನ್ನು. ಕಣ್ಣು ತೆರೆದಿತ್ತು. ಏನನ್ನೋ ಜಗಿಯುವಂತೆ ದವಡೆ ಅಲುಗುತ್ತಿತ್ತು. ಬಾಗಿಲು ತೆರೆದಿಟ್ಟು ಮನೆಯವರೆಲ್ಲ ಎದ್ದುಹೋದ ಹಾಗಿತ್ತು. ಬಲಗಾಲು ಬ್ರೇಕಿನ ಮೇಲೇ ಇತ್ತು, ಅದರಲ್ಲಿ ಭಾರ ಇರಲಿಲ್ಲ. ರೆಪ್ಪೆ ಬಡಿಯುವಷ್ಟರಲ್ಲಿ ಮಾವ ವಾಪಸು ಬಂದಿದ್ದ. ಕಾಲು ತಾನಾಗಿ ಒತ್ತಿಕೊಂಡಿತು.

"ಕ್ಲಚ್ ಪ್ಲೇಟ್ ಸವೆದಿದೆ ಕೂಸೇ," ಅಂದ ಮಾವ, ಎಂಜಿನ್ನನ್ನು ದುರುಗುಟ್ಟಿ ನೋಡುತ್ತ. "ಸಂಜೆ ಬಿಚ್ಚಿ ನೋಡ್ತೀನಿ."

ಸುಳ್ಳು ಹೇಳುವವನ ದನಿ ಅದಲ್ಲ. ತಾನು ಎದ್ದುಹೋಗಿ ಬಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಮೇಸ್ತ್ರಿಗೆ ಇನ್ನೊಂದು ನೆನಪಾಯಿತು. ಕೆಲವು ದಿನಗಳ ಹಿಂದೆ ಅವನ ಕೈಯ ಚಹಾ ಲೋಟ ವಾಲಿ, ಬಿಸಿ ಚಹಾ ಪಾದದ ಮೇಲೆ ಸುರಿಯುತ್ತಿದ್ದರೂ ಅವನು ಸುಮ್ಮನೆ ಕೂತಿದ್ದ. ನೊಣ ಓಡಿಸಲು ಹೋಗಿ ಚೆಲ್ಲಿತು ಅಂದಿದ್ದ. ಆಗ ನೊಣ ಇರಲಿಲ್ಲ.

ಸಂಜೆ ಅವಳು ಬೋರಲು ಹಾಕಿದ ತೊಟ್ಟಿಯ ಮೇಲೆ ಕೂತಳು. ಏನು ಹೇಳಬೇಕು ಅನ್ನುವುದನ್ನು ಮಧ್ಯಾಹ್ನದಿಂದ ಮನಸ್ಸಿನಲ್ಲೇ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದಳು. ಎದುರಿಗೆ ಕೂತ ಮಾವನ ಕೈ ನೋಡಿದಳು. ಅವಳು ಲಂಗ ಹಾಕುವ ವಯಸ್ಸಿನಲ್ಲಿ ಮೊದಲ ಸಲ ತೊಟ್ಟಿಯೊಳಗೆ ನಿಲ್ಲಿಸಿ, "ಕೆಳಗೆ ನೋಡ್ಬೇಡ, ನನ್ನ ನೋಡು" ಅಂದ ಮನುಷ್ಯ.

"ಮಾವ, ನೀವು ನಮಗೋಸ್ಕರ ಎಷ್ಟು ದುಡಿದಿದ್ದೀರಿ," ಅಂತ ಶುರು ಮಾಡಿದಳು. "ದೇಹಕ್ಕೂ ಸುಸ್ತಾಗುತ್ತಲ್ಲ. ಸ್ವಲ್ಪ ದಿನ ಮನೇಲಿದ್ದು ಸುಧಾರಿಸ್ಕೊಂಡ್ರೆ ಹೇಗೆ? ಅತ್ತೆಗೂ ಸಂತೋಷ ಆಗುತ್ತೆ."

"ನಿಮ್ಮತ್ತೆಗಾ?" ಮಾವ ನಕ್ಕ. "ನಾನು ಹಗಲು ಹೊತ್ತು ಮನೇಲಿದ್ರೆ ಅವಳು ಬಾವೀಗೆ ಬೀಳ್ತಾಳೆ. ಆಮೇಲೆ ಎತ್ತೋಕೂ ನಾನೇ ಬೇಕು."

ಮೋಟ ನಗಲಿಲ್ಲ. ಮೇಸ್ತ್ರಿ ಇನ್ನೊಂದು ದಾರಿ ಹಿಡಿದಳು. ಬೆಳಿಗ್ಗೆ ತೊಟ್ಟಿ ಜಾರಿದ್ದು ಯಾರದೂ ತಪ್ಪಲ್ಲ, ಯಾರಿಗೂ ಆಗಬಹುದು, ಎಲ್ಲರೂ ಮೈಯೆಲ್ಲಾ ಕಣ್ಣಾಗಿರಬೇಕು ಅಂದಳು. ಮಾವ ಗಂಭೀರವಾಗಿ ತಲೆ ಆಡಿಸಿದ.

"ಹೇಳಿದ್ದು ಒಳ್ಳೇದಾಯ್ತು ಬಿಡು. ಪ್ಲೇಟ್ ಹೊಸದೇ ಹಾಕ್ತೀನಿ. ಹಳೇದನ್ನೇ ಉಜ್ಜಿ ಹಾಕೋಣ ಅಂತಿದ್ದೆ." ಎದ್ದು ಬರುವಾಗ ಅವಳ ತಲೆಯ ಮೇಲೆ ಕೈಯಿಟ್ಟು, "ನಿಮ್ಮಪ್ಪಂಗಿಂತ ನೀನು ವಾಸಿ. ಅವನಾಗಿದ್ರೆ ಜನ್ಮ ಜಾಲಾಡಿಬಿಡ್ತಿದ್ದ," ಅಂದ.

ಅವನು ಅತ್ತ ಹೋದ ಮೇಲೆ ಮೋಟ ಹತ್ತಿರ ಬಂದ.

"ಹೇಳಿದ್ರಾ ಅಕ್ಕಾ?"

"ಹೇಳ್ದೆ."

"ಏನಂದ್ರು?"

"ಪ್ಲೇಟ್ ಬದಲಾಯಿಸ್ತಾರಂತೆ."

"ಎಂಜಿನ್ದಾ, ತಲೇದಾ?" ಮೋಟ ಕಾಲಿನಿಂದ ಒಂದು ಕಲ್ಲನ್ನು ಒದ್ದ. "ನಾನು ತೊಟ್ಟಿಯೊಳಗಿಂದ ಅವರ ಮುಖ ನೋಡ್ದೆ. ನೀವೂ ನೋಡಿದ್ರಿ. ನಾನು ಬಾಯಿ ಬಿಟ್ರೆ ಹಿರೀರಿಗೆ ಎದುರು ಮಾತಾಡ್ದಂಗಾಗುತ್ತೆ. ಮೇಸ್ತ್ರಿ ನೀವು. ನೀವೇ ಹೇಳ್ಬೇಕು, ಬಿಡಿಸಿ ಹೇಳ್ಬೇಕು."

"ಹೇಳ್ತೀನಿ. ಅವರು ಮುರಿದುಹೋಗದ ಹಾಗೆ ಹೇಳ್ಬೇಕಲ್ಲಪ್ಪ."

"ಅವರು ಮುರಿಯದಿದ್ರೆ ನಾನು ಮುರೀತೀನಿ," ಅಂದ ಮೋಟ. ಆಮೇಲೆ ಆಡಬಾರದ್ದು ಆಡಿದವನಂತೆ ಮುಖ ತಿರುಗಿಸಿ ಬುತ್ತಿ ಎತ್ತಿಕೊಂಡು ಹೋದ.

ಅವಳು ನೇರ ಅತ್ತೆಯ ಮನೆಗೆ ಹೋದಳು. ಮಾವ ಪ್ಲೇಟು ತರಲು ಪೇಟೆಗೆ ಹೋಗಿದ್ದ. ಅತ್ತೆ ಒಲೆಯ ಮುಂದಿದ್ದಳು. ಸೋದರಸೊಸೆಯ ಮುಖ ನೋಡಿದ್ದೇ ಸೌಟು ಕೆಳಗಿಟ್ಟಳು.

"ಅಲ್ಲೂ ಶುರುವಾಯ್ತಾ?"

ಅತ್ತೆಗೆ ಎಂದಿನಿಂದಲೋ ಗೊತ್ತಿತ್ತು. ಊಟದ ನಡುವೆ ತುತ್ತು ಕೈಯಲ್ಲೇ ಉಳಿಯುತ್ತದೆ, ಕರೆದರೆ ಓಗೊಡುವುದಿಲ್ಲ, ಆಮೇಲೆ ಏನೂ ಆಗದವನಂತೆ ಉಪ್ಪು ಕೇಳುತ್ತಾನೆ. ವೈದ್ಯರ ಹತ್ತಿರ ಹೋಗೋಣ ಅಂದರೆ, ಯಾರಿಗೆ ಕಾಯಿಲೆ ಅಂತ ಕೇಳುತ್ತಾನೆ.

"ನೀವು ಹೇಳಲಿಲ್ವಾ ಅತ್ತೆ?"

"ಏನಂತ ಹೇಳಲಿ? ಆ ಕಾಲಿನ ಮೇಲೇ ಅಲ್ವಾ ಅವರು ನಿಂತಿರೋದು? ಕ್ರೇನಿಂದ ಇಳಿಸಿದ್ರೆ ಮೂಲೇಲಿ ಕೂತು ಸವೆದು ಹೋಗ್ತಾರೆ." ಅತ್ತೆ ಅವಳ ಮುಂಗೈ ಹಿಡಿದುಕೊಂಡಳು. ಕೈ ಒದ್ದೆಯಾಗಿತ್ತು. "ನೀನು ಪಕ್ಕದಲ್ಲೇ ನಿಂತ್ಕೋ ತಾಯೀ. ಹಾಗಾದಾಗ ಹೆಗಲು ಮುಟ್ಟು, ಬರ್ತಾರೆ. ಈ ಕೆಲಸ ಮುಗಿಯೋ ತನಕ. ಆಮೇಲೆ ನಾನೇ ಹೇಳ್ತೀನಿ."

ಮೇಸ್ತ್ರಿ ಹೂಂ ಅಂದಳು. ಹೂಂ ಅಂದ ಮೇಲೆ ಮನಸ್ಸು ಹಗುರಾದದ್ದು ನೋಡಿ ಅವಳಿಗೇ ಒಂದು ಬಗೆಯ ಭಯವಾಯಿತು.

ಅಲ್ಲಿಂದ ಮುಂದೆ ಮೋಟನನ್ನು ಇಳಿಸುವಾಗ, ಎತ್ತುವಾಗ ಅವಳು ಕ್ರೇನಿನ ಪಕ್ಕಕ್ಕೆ ಅಂಟಿಕೊಂಡಿರುತ್ತಿದ್ದಳು. ತನ್ನ ಎಡಗಾಲನ್ನು ಬ್ರೇಕಿನ ಹತ್ತಿರವೇ ಇಟ್ಟುಕೊಂಡು ಮಾವನ ದವಡೆಯನ್ನೇ ನೋಡುತ್ತಿದ್ದಳು. "ಏನು ಕೂಸೇ, ಕ್ರೇನು ಕಲೀತೀಯಾ?" ಅಂತ ಮಾವ ಮಧ್ಯಾಹ್ನ ಕೇಳಿದರೆ "ಹೂಂ ಮಾವ" ಅನ್ನುತ್ತಿದ್ದಳು. ಅವನು ಖುಷಿಯಾಗಿ ಒಂದೊಂದು ಭಾಗದ ಹೆಸರು ಹೇಳಿಕೊಡುತ್ತಿದ್ದ. ದಿನಗಳು ಏನೂ ಆಗದೆ ಕಳೆದವು. ಏನೂ ಆಗದೆ ಕಳೆದ ಒಂದೊಂದು ದಿನವೂ ಅವಳ ಎದೆಯ ಮೇಲೆ ಇನ್ನೊಂದು ಕಲ್ಲು ಇಟ್ಟು ಹೋಗುತ್ತಿತ್ತು. ಮೋಟ ಜೋಕು ನಿಲ್ಲಿಸಿದ್ದ. ತೊಟ್ಟಿ ಹತ್ತುವ ಮುಂಚೆ ಅವಳ ಮುಖವನ್ನೊಮ್ಮೆ, ಅವಳ ಎಡಗಾಲನ್ನೊಮ್ಮೆ ನೋಡುತ್ತಿದ್ದ.

ಆಮೇಲೊಂದು ಬೆಳಿಗ್ಗೆ ಮೋಟ ತೊಟ್ಟಿಯ ಅಂಚು ಹಿಡಿದು ನಿಂತವನು ಹತ್ತಲಿಲ್ಲ.

"ಕಾಲು ಬರ್ತಿಲ್ಲ ಅಕ್ಕಾ," ಅಂದ ಮೆಲ್ಲಗೆ.

ಹಿಂದಿನ ದಿನ ಬಂಡೆಯಲ್ಲಿ ಹೊಸ ಸೆಲೆ ಒಡೆದು ನೀರು ಜಿನುಗಲು ಹತ್ತಿತ್ತು. ಪಂಪು ಹಾಕಿ ನೀರೆತ್ತಿ, ಪೈಪನ್ನು ಮೇಲಕ್ಕೆಳೆದುಕೊಂಡಿದ್ದರು. ಗೋಡೆಯಲ್ಲಿ ಸಡಿಲಾದ ಕಲ್ಲು ತೆಗೆಯದೆ ಮುಂದೆ ತೋಡುವಂತಿರಲಿಲ್ಲ. ಮೋಟನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಇಂಥವನನ್ನು ಇಳಿಸುವುದು ಹೇಗೆ?

"ನೀನು ಮೇಲಿರು. ನಾನೇ ಇಳೀತೀನಿ," ಅಂದಳು ಮೇಸ್ತ್ರಿ.

ಅನ್ನುವಾಗ ತಾನು ದೊಡ್ಡ ಮನಸ್ಸಿನ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತ್ತು. ಬೇರೆಯವರ ಜೀವ ಪಣಕ್ಕಿಡುವುದಿಲ್ಲ, ತನ್ನದೇ ಇಡುತ್ತೇನೆ ಅಂತ. ಮಾವನಿಗೆ ಒಂದು ಮಾತು ಹೇಳುವುದಕ್ಕಿಂತ ಅವನ ಕಾಲಿನ ಕೆಳಗೆ ಪಾತಾಳಕ್ಕೆ ಇಳಿಯುವುದು ತನಗೆ ಸುಲಭವಾಗಿದೆ ಅನ್ನುವುದು ಹೊಳೆದದ್ದು ಅರ್ಧ ಇಳಿದ ಮೇಲೆ. ಚಾಚಿದ ಕಲ್ಲುಗಳು ಮುಗಿದು ಬರೀ ಬಂಡೆ ಶುರುವಾಗಿತ್ತು.

ಕೆಳಗೆ ತಂಪು, ಹಸಿ ಕಲ್ಲಿನ ವಾಸನೆ. ನೀರು ಆಗಲೇ ಪಾದ ಮುಳುಗುವಷ್ಟು ಬಂದಿತ್ತು. ಹಾರೆಯಿಂದ ಗೋಡೆ ತಟ್ಟುತ್ತ, ಟೊಳ್ಳು ಸದ್ದು ಬಂದಲ್ಲಿ ಮೀಟಿ ಕಲ್ಲು ಕೆಡವಿದಳು. ತೊಟ್ಟಿ ತುಂಬಿದಳು. ದಾರ ಜಗ್ಗಿದಳು. ಎಂಜಿನ್ನು ಗುಡುಗುಟ್ಟಿ, ತೊಟ್ಟಿ ನೀರು ಸುರಿಸುತ್ತ ಮೇಲೆ ಹೋಯಿತು.

ಅರ್ಧಕ್ಕೆ ನಿಂತಿತು.

ಅವಳು ತಲೆ ಎತ್ತಿದಳು. ತಟ್ಟೆಯಷ್ಟು ಆಕಾಶ, ಅದರ ನಡುವೆ ತೊಟ್ಟಿಯ ಕಪ್ಪು ತಳ. ತಳ ಮೆಲ್ಲಗೆ ಎಡಕ್ಕೆ ತಿರುಗಿತು, ನಿಂತಿತು, ಬಲಕ್ಕೆ ತಿರುಗಿತು. ಎಂಜಿನ್ನಿನ ಸದ್ದು ಹಾಗೇ ನಡೆದಿತ್ತು. ದಾರ ಜಗ್ಗಿದಳು. ಗಂಟೆ ಬಾರಿಸಿದ್ದು ಕೇಳಿಸಿತು. ಮತ್ತೆ ಜಗ್ಗಿದಳು. ಮತ್ತೆ. ಗಂಟೆಯ ಸದ್ದು ಯಾರೂ ಇಲ್ಲದ ಮನೆಯಲ್ಲಿ ಬಾರಿಸಿದಂತೆ ಬಂದು ಹೋಯಿತು.

ಮೋಟ ಬಂಡೆಯಲ್ಲಿ ಕೊರೆದಿದ್ದ ಒಂದು ಗೂಡಿಗೆ ಬೆನ್ನು ಒತ್ತಿಕೊಂಡು ನಿಂತಳು. ಹೆಗಲು ಹಿಡಿಸಿತು, ತಲೆ ಹಿಡಿಸಲಿಲ್ಲ. ಮೇಲೆ ಬಾವಿಯ ಅಂಚಿನಲ್ಲಿ ಮೋಟನ ತಲೆ ಕಾಣಿಸಿತು. ಅವಳನ್ನು ನೋಡಿದ, ಕ್ರೇನಿನ ಕಡೆ ನೋಡಿದ, ಕೂಗಲು ಬಾಯಿ ತೆರೆದವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಬಾವಿಯೊಳಗೆ ಮೇಸ್ತ್ರಿ ಇದ್ದಾಳೆ, ಕ್ರೇನಿನವನನ್ನು ಮಾತಾಡಿಸುವಂತಿಲ್ಲ. ಈ ಸಲ ಮಾವನ ಕಾಲು ಬ್ರೇಕನ್ನು ಒತ್ತಿಕೊಂಡೇ ಇತ್ತು; ಮುಟ್ಟಿದರೆ ಬೆಚ್ಚಿ ಎತ್ತಿಬಿಟ್ಟರೆ? ಹೆಗಲು ಮುಟ್ಟಿದರೆ ಬರುತ್ತಾನೆ ಅಂತ ಅತ್ತೆ ಹೇಳಿದ್ದನ್ನು ಅವಳು ಮೋಟನಿಗೆ ಹೇಳಿಯೇ ಇರಲಿಲ್ಲ. ಹೇಳಿದ್ದರೆ ಮಾವನ ಕಾಯಿಲೆಯನ್ನು ಬಾಯಿಬಿಟ್ಟು ಒಪ್ಪಿಕೊಂಡಂತಾಗುತ್ತಿತ್ತು.

ತೊಟ್ಟಿಯಿಂದ ಒಂದು ಹನಿ ಅವಳ ಹಣೆಯ ಮೇಲೆ ಬಿತ್ತು.

ಎಷ್ಟು ಹೊತ್ತಾಯಿತೋ. ತೊಟ್ಟಿ ಒಮ್ಮೆ ಅದುರಿ, ಏನೂ ಆಗಿಲ್ಲವೆಂಬಂತೆ ಮೇಲೆ ಹೋಯಿತು. ಮೋಟ ಅದನ್ನು ಬರಿದು ಮಾಡಿದ್ದು ಕೇಳಿಸಿತು. ಖಾಲಿ ತೊಟ್ಟಿ ನಯವಾಗಿ ಇಳಿದು ಅವಳ ಮುಂದೆ ನೀರಿನಲ್ಲಿ ನಿಂತಿತು. ಅವಳು ಒಂದು ಕಾಲನ್ನು ಒಳಗಿಟ್ಟಳು. ದಾರ ಜಗ್ಗಿದರೆ ಮೇಲೆ ಹೋಗಬಹುದು. ಸಂಜೆ ಕೂತು ಹೇಳಬಹುದು. ಸಂಜೆ ತಾನು ಏನು ಹೇಳುತ್ತೇನೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಮೋಟ ಅಂಚು ಹಿಡಿದು ನಿಲ್ಲುತ್ತಾನೆ. ಅವನಿಗೆ ಮಗಳಿದ್ದಾಳೆ, ಹತ್ತದೆ ಏನು ಮಾಡುತ್ತಾನೆ?

ಕಾಲು ಹೊರಗೆ ತೆಗೆದಳು.

"ಮಾವಾ!"

"ಕೂಗ್ಬೇಡ ಕೂಸೇ, ಗಂಟೆ ಬಾರ್ಸು!"

"ಉರುಳೆ ತಿರುಗದ ಹಾಗೆ ಗೂಟ ಹಾಕಿ. ಎಂಜಿನ್ ಆರಿಸಿ. ನಂಗೆ ಮಾತಾಡೋದಿದೆ."

ಎಂಜಿನ್ನು ಕೆಮ್ಮಿ ನಿಂತಿತು. ಸೆಲೆಯ ನೀರು ಜಿನುಗುವ ಸದ್ದು ಒಮ್ಮೆಲೇ ದೊಡ್ಡದಾಯಿತು.

"ಮಾವ, ಕ್ರೇನಿನ ಮೇಲೆ ಕೂತಿರುವಾಗ ನಿಮಗೆ ಎಚ್ಚರ ತಪ್ಪುತ್ತೆ. ಕಣ್ಣು ಬಿಟ್ಕೊಂಡೇ ತಪ್ಪುತ್ತೆ. ಮೋಟ ಜಾರಿದ ದಿನ ಕ್ಲಚ್ ಸರಿಯಾಗೇ ಇತ್ತು. ಈಗ ಕಲ್ಲು ತುಂಬಿದ ತೊಟ್ಟಿ ನನ್ನ ತಲೆ ಮೇಲೆ ನಿಂತಿತ್ತು. ಗಂಟೆ ಬಾರ್ಸಿದೆ, ನೀವಿರಲಿಲ್ಲ. ಇವತ್ತಿಂದ ನೀವು ಕ್ರೇನು ಮುಟ್ಟಬಾರ್ದು."

ಮಾತು ಗೋಡೆಗೆ ತಾಗಿ ತಾಗಿ ಮೇಲೆ ಹೋಯಿತು. ಅಪ್ಪ ಆ ಕಟ್ಟು ಮಾಡಿದ್ದು ಯಾಕೆ ಅಂತ ಈಗ ಮೈಯೇ ಹೇಳುತ್ತಿತ್ತು. ಇಂಥ ಮಾತು ಕೇಳಿದ ಮನುಷ್ಯನ ಕಾಲಿಗೇ ತನ್ನ ಜೀವ ಒಪ್ಪಿಸಿ ಅವಳು ಮೇಲೆ ಹೋಗಬೇಕಿತ್ತು.

ಮೇಲೆ ಮಾವ ಎದ್ದು ನಿಂತ ಸದ್ದಾಯಿತು.

"ಮೋಟ," ಮಾವನ ದನಿ ಕೇಳಿಸಿತು, ಅವಳ ಜೊತೆಗಲ್ಲ. "ನಿಜವೇನೋ?"

"ಹೂಂ ಮಾವ."

"ನೀನು ನೋಡಿದ್ದೀಯಾ?"

"ಈಗ್ಲೂ ನೋಡ್ದೆ."

ಮಾವ ಬಾವಿಯ ಅಂಚಿಗೆ ಬಂದ. ಬೆಳಕಿಗೆ ಬೆನ್ನಾಗಿದ್ದರಿಂದ ಮುಖ ಕಾಣಲಿಲ್ಲ, ತಲೆಯ ಕಪ್ಪು ಆಕಾರ ಅಷ್ಟೇ.

"ನಿಂಗೆ ಯಾವತ್ತಿಂದ ಗೊತ್ತು?"

"ಮೋಟ ಜಾರಿದ ದಿನದಿಂದ ಮಾವ."

"ಅವತ್ತು ಸಂಜೆ ಸುಸ್ತು, ವಿಶ್ರಾಂತಿ ಅಂತ ಅಂದೆಯಲ್ಲ, ಅದು ಇದೇನಾ?"

"ಹೌದು."

"ನಿಮ್ಮತ್ತೆಗೂ ಗೊತ್ತು ಹಾಗಾದ್ರೆ." ಅದು ಪ್ರಶ್ನೆಯಾಗಿರಲಿಲ್ಲ. "ಗೊತ್ತಿದ್ದೂ ದಿನಾ ಇವನನ್ನ ನನ್ನ ಕೈಲಿ ಇಳಿಸಿದ್ಯಾ?" ಅಂದ.

"ನಿಮಗೆ ನೋವಾಗುತ್ತೆ ಅಂತ..."

"ಇವನು ಸತ್ತಿದ್ರೆ?" ಬಾವಿ ತುಂಬ ಆ ದನಿ ತುಂಬಿತು. "ಸತ್ತಿದ್ರೆ ಆಗ ಹೇಳ್ತಿದ್ದೆಯಾ? ನಾನು ಕ್ಲಚ್ಚು ಬಿಚ್ಕೊಂಡು ಕೂತಿರ್ತಿದ್ದೆ, ನೀವೆಲ್ಲ ನನ್ನ ಮುಖ ನೋಡ್ಕೊಂಡು ಕೂತಿರ್ತಿದ್ರಿ. ನೋವಾದ್ರೆ ನಾನು ತಡ್ಕೋತಿದ್ದೆ ಕಣೇ. ನನ್ನ ಕೈಲಿ ಒಂದು ಹೆಣ ಬೀಳ್ಸೋಕೆ ಹೊರಟಿದ್ಯಲ್ಲ!"

ನೀರು ಕಾಲಿನ ಗಿಣ್ಣು ದಾಟಿ ಮೇಲೆ ಬಂದಿತ್ತು.

"ತಪ್ಪಾಯ್ತು ಮಾವ," ಅಂದಳು.

ಕಪ್ಪು ಆಕಾರ ಅಂಚಿನಿಂದ ಸರಿಯಿತು. "ನಾನು ನಿನ್ನ ಎತ್ತಲ್ಲ," ಅನ್ನುವುದು ಕೇಳಿಸಿತು. ಆಮೇಲೆ, "ಬಾರೋ ಮೋಟ, ಇಲ್ಲಿ ಕೂತ್ಕೋ."

"ನಾನಾ? ಮಾವಾ, ನಂಗೆ ಸೈಕಲ್ ಬ್ರೇಕೇ ಸರಿಯಾಗಿ ಬರಲ್ಲ!"

"ಇನ್ನೊಬ್ಬ ಕ್ರೇನಿನವನನ್ನ ಕರ್ಕೊಂಡು ಬರೋ ಹೊತ್ತಿಗೆ ನೀರು ಅವಳ ಕುತ್ತಿಗೆಗೆ ಬರುತ್ತೆ. ಪಂಪಿನ ಪೈಪು ಇಳಿಸೋಕೂ ಈ ಕ್ರೇನೇ ಬೇಕು. ಕೂತ್ಕೋ. ಬಲಗಾಲು ಅಲ್ಲಿ. ಒತ್ತು. ಇನ್ನೂ ಒತ್ತು. ನಿಮ್ಮಪ್ಪನ ಆಸ್ತಿ ಏನೂ ಸವೆಯಲ್ಲ, ಒತ್ತೋ!"

ಎಂಜಿನ್ನು ಮತ್ತೆ ಹತ್ತಿಕೊಂಡಿತು, ಖಾಲಿ ತೊಟ್ಟಿಯನ್ನು ಎತ್ತಿ ಇಳಿಸಿ ಅಭ್ಯಾಸ ಶುರುವಾಯಿತು. ತೊಟ್ಟಿ ಕುಡಿದವನಂತೆ ಗೋಡೆಯಿಂದ ಗೋಡೆಗೆ ಬಡಿದುಕೊಂಡು ಹೋಗುತ್ತಿತ್ತು. ಒಮ್ಮೆ ಮೋಟನ ಕಾಲು ಎತ್ತಿಕೊಂಡು, ತೊಟ್ಟಿ ಧೊಪ್ಪನೆ ಅವಳ ಮಗ್ಗುಲಲ್ಲೇ ನೀರಿಗೆ ಬಿದ್ದು ಮೈಯೆಲ್ಲ ತೋಯಿಸಿತು. ಮೇಲೆ ಇಬ್ಬರೂ ಉಸಿರು ಹಿಡಿದು ನಿಂತದ್ದು ಅವಳಿಗೆ ಕೆಳಗೆ ಗೊತ್ತಾಯಿತು.

"ಇದ್ದೀನಿ," ಅಂದಳು.

"ಮತ್ತೆ," ಅಂದ ಮಾವ.

ನೀರು ಮೊಣಕಾಲು ಮುಟ್ಟಿತು. ಹಲ್ಲು ಕಟಕಟ ಅನ್ನುತ್ತಿತ್ತು. ತೊಟ್ಟಿ ಇಳಿಯುವುದು ಸ್ವಲ್ಪ ನಯವಾಯಿತು; ಅಷ್ಟು ಸಾಕು ಅಂತ ಯಾರೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. "ಹತ್ತು," ಅಂತ ಮಾವ ಕೂಗಿದ. ಅವಳು ಹತ್ತಿ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಳು.

ಮಾವನ ದನಿಯ ಮೇಲೆಯೇ ತೊಟ್ಟಿ ಬರುತ್ತಿತ್ತು. "ಹಿಡಿ ಎಳಿ. ಮೆಲ್ಲಗೆ. ಹಾಗೇ ಬರಲಿ. ಈಗ ಬ್ರೇಕು, ನಿಲ್ಸು, ಉಸಿರು ತಗೋ. ಈಗ ಮತ್ತೆ ಹಿಡಿ ಎಳಿ. ಕಾಲು ಬಿಡೋ ಮುಂಚೆ ಕೈಯಲ್ಲಿ ಭಾರ ಗೊತ್ತಾಗ್ಬೇಕು. ಗೊತ್ತಾಯ್ತಾ? ಈಗ ಬ್ರೇಕು. ಇನ್ನೇನು, ಈಗ..."

ದನಿ ನಿಂತಿತು.

ತೊಟ್ಟಿ ಬಾವಿಯ ನಡುವೆ ತೂಗಾಡುತ್ತಿತ್ತು. ಚಾಚಿದ ಕಲ್ಲುಗಳು ಇನ್ನೂ ಮೇಲಿದ್ದವು, ಕೈಗೆ ಎಟುಕದಷ್ಟು ಮೇಲೆ.

"ಅಕ್ಕಾ," ಮೋಟನ ದನಿ ಹರಿದು ಬಂತು. "ಮಾವ ನಿಂತುಬಿಟ್ರು."

ಅವಳು ಕೂಗಲಿಲ್ಲ. ಕೂಗಿದರೆ ಇವನ ಕಾಲೂ ಹಾರುತ್ತದೆ. "ನಿನ್ನ ಕಾಲು ಎಲ್ಲಿದೆ?"

"ಬ್ರೇಕಿನ ಮೇಲೆ."

"ಅದನ್ನ ತೆಗೀಬೇಡ. ಬೇರೇನೂ ಮಾಡ್ಬೇಡ. ಕಾಯಿ, ಬರ್ತಾರೆ."

"ಕಾಲು ನಡುಗ್ತಿದೆ ಅಕ್ಕಾ."

"ಗೊತ್ತು. ಹಗ್ಗದಲ್ಲಿ ಗೊತ್ತಾಗ್ತಿದೆ. ನಡುಗಲಿ. ತೆಗೀಬೇಡ ಅಷ್ಟೇ."

ತೊಟ್ಟಿ ಮೆಲ್ಲಗೆ ಎಡಕ್ಕೆ ತಿರುಗಿತು. ಕೆಳಗೆ ನೀರು ಜಿನುಗುತ್ತಲೇ ಇತ್ತು. ಅವಳು ತನ್ನ ಮುಖದ ಎದುರಿಗಿದ್ದ ಬಂಡೆಯ ಒಂದು ಬಿಳಿ ಗೆರೆಯನ್ನು ಕಣ್ಣಿನಲ್ಲಿ ಹಿಡಿದು ನಿಂತಳು.

"...ಈಗ ಮತ್ತೆ ಹಿಡಿ ಎಳಿ," ಅಂತು ಮಾವನ ದನಿ, ಕಡಿದಲ್ಲಿಂದಲೇ.

ಮೋಟ ಎಳೆಯಲಿಲ್ಲ. "ಮಾವ," ಅಂದ. "ಈಗ ನೀವು ಹೋಗಿದ್ರಿ. ಮಾತಿನ ಮಧ್ಯೆ ಹೋದ್ರಿ, ಈಗ ಬಂದ್ರಿ."

ಎಂಜಿನ್ನು ತನ್ನಷ್ಟಕ್ಕೆ ಗುಡುಗುಟ್ಟುತ್ತಿತ್ತು.

"ಅವಳು?"

"ತೊಟ್ಟೀಲಿದ್ದಾರೆ. ನಾನು ಕಾಲು ತೆಗೀಲಿಲ್ಲ."

"ಹಾಗಾದ್ರೆ ನನ್ನ ಮಾತು ಕಾಯ್ಬೇಡ," ಅಂದ ಮಾವ. ದನಿ ಒಮ್ಮೆಲೇ ಮುದಿಯಾಗಿತ್ತು. "ನಿನ್ನ ಕೈಗೆ ಭಾರ ಗೊತ್ತಾದಾಗ ನೀನೇ ಎಳಿ."

ತೊಟ್ಟಿ ಅಲುಗಿತು. ಮೇಲಕ್ಕೋ ಕೆಳಕ್ಕೋ ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಬಿಳಿ ಗೆರೆಯನ್ನೇ ನೋಡಿದಳು. ತೊಟ್ಟಿ ಏರಿದಂತೆ ಗೆರೆ ಅವಳ ಗಲ್ಲದ ಮಟ್ಟಕ್ಕೆ ಇಳಿಯಿತು, ನಿಂತಿತು, ನಡುಗಿತು, ಮತ್ತೆ ಇಳಿಯತೊಡಗಿತು.